ಬಚ್ಚಲಲ್ಲಿ ಜಾರಿ ಬಿದ್ದವಳು

ಹಗರಿಬೊಮ್ಮನಹಳ್ಳಿಯ ನನ್ನ ಕ್ಲಿನಿಕ್ಕಿಗೆ ಹಂಪಸಾಗರದ ಆ ಮನೆಯವರು ಮೊದಲಿಂದಲೂ ಬರುತ್ತಾರೆ. ಹಿರಿಯಾಕೆಯ ಬಿಪಿ, ಅವಳ ಮಗನ ಹೊಟ್ಟೆನೋವು, ಮೊಮ್ಮಗಳ ಕೆಮ್ಮು, ಎಲ್ಲವೂ ನನಗೆ ಗೊತ್ತು. ಒಂದು ದಿನ ಸೊಸೆ ಊದಿದ ಮುಂಗೈ ಹಿಡಿದುಕೊಂಡು ಬಂದಳು. ಏನಾಯಿತೆಂದು ನಾನು ಕೇಳಿದ್ದು ಅವಳನ್ನು, ಉತ್ತರ ಕೊಟ್ಟವನು ಗಂಡ.

“ಬಚ್ಚಲದಾಗ ಜಾರಿ ಬಿದ್ದಾಳ್ರಿ ಸರ.”

ನಮ್ಮ ಕಡೆ ಹೆಣ್ಣುಮಕ್ಕಳ ಕಾಯಿಲೆಯನ್ನು ಮನೆಯವರೇ ಹೇಳುವುದು ರೂಢಿ. ಹಾಗೆಯೇ ಪುಸ್ತಕದಲ್ಲಿ ಬರೆದುಕೊಂಡೆ. ತೋಳಿನ ಮೇಲೆ ನಾಲ್ಕು ಬೆರಳಿನ ಗುರುತು ಕಂಡದ್ದು ಕೈಗೆ ಪಟ್ಟಿ ಕಟ್ಟುವಾಗ. ಸಿಟ್ಟು ನೆತ್ತಿಗೇರಿತು.

“ಹೆಂಡ್ತಿ ಮ್ಯಾಲ ಕೈ ಮಾಡ್ತಿಯೇನಲೇ?” ಎಂದು ಅವಳೆದುರೇ ಅವನನ್ನು ತರಾಟೆಗೆ ತೆಗೆದುಕೊಂಡೆ. ಅವನು ತಲೆ ತಗ್ಗಿಸಿದ, ನನ್ನ ಕಾಲನ್ನೂ ಮುಟ್ಟಿದ. ಒಂದು ಸಂಸಾರ ಸರಿಮಾಡಿದೆನೆಂಬ ಖುಷಿಗೆ ಆ ದಿನ ಎರಡು ತುತ್ತು ಹೆಚ್ಚೇ ಉಂಡೆ. ಎಂಥ ಮೂರ್ಖ ನಾನು!

ತಿಂಗಳೊಳಗೆ ಅವಳು ಅತ್ತೆಯ ಜೊತೆ ಮತ್ತೆ ಬಂದಳು. ಕಣ್ಣಿನ ಕೆಳಗೆ ಕಪ್ಪಗೆ ಕಂದಿತ್ತು. “ಇಂಜೆಕ್ಷನ್ ಐತಿ, ನೀವು ಹೊರಗ ಕುಂದರ್ರಿ” ಎಂದು ಅತ್ತೆಯನ್ನು ಕಳಿಸಿ, ನರ್ಸಮ್ಮನನ್ನು ಜೊತೆಗಿಟ್ಟುಕೊಂಡು ಪರದೆ ಎಳೆದೆ. ಇಂಜೆಕ್ಷನ್ ಏನೂ ಇರಲಿಲ್ಲ.

“ಅವತ್ತು ನೀವು ಬೈದ್ರಲ್ರಿ. ಡಾಕ್ಟ್ರ ಮುಂದ ಹೇಳಿ ಮಾನ ಕಳದಿ ಅಂತ ಹೊಡದ್ರು” ಎಂದಳು.

ಅವಳು ಅಂದು ಬಾಯಿಯನ್ನೇ ತೆರೆದಿರಲಿಲ್ಲ. ನನಗೆ ನಾಚಿಕೆಯಾಯಿತು. “ತಪ್ಪಾತವ್ವ. ಈಗ ಏನ್ ಮಾಡ್ಲಿ, ನೀನ ಹೇಳು” ಎಂದೆ.

“ಅವ್ರಿಗೆ ಏನೂ ಅನಬ್ಯಾಡ್ರಿ. ಆದದ್ದು ಆದಂಗ ಬರೀರಿ. ಹಾಳಿ ನಿಮ್ಮ ಹತ್ರನ ಇರ್ಲಿ.”

ಗಾಯದ ಅಳತೆ, ಹೊಡೆದವರು ಯಾರು, ಎಲ್ಲ ಒಂದು ಹಾಳೆಯಲ್ಲಿ ಬರೆದು ಮೇಜಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ. ಮಹಿಳಾ ಸಹಾಯವಾಣಿಯ ನಂಬರು ಬರೆದ ಚೀಟಿಯನ್ನೂ ಅವಳು ಮನೆಗೆ ಒಯ್ಯುವಂತಿರಲಿಲ್ಲ. ನರ್ಸಮ್ಮ ನಂಬರನ್ನು ಬಾಯಿಪಾಠ ಮಾಡಿಸಿದಳು.

ಜೋಳದ ಕೊಯ್ಲು ಮುಗಿದ ಮೇಲೆ ತವರಿನ ಅಣ್ಣನನ್ನು ಕರೆದುಕೊಂಡು ಬಂದಳು. “ಠಾಣೆಕ್ಕ ಹೊಂಟೀನ್ರಿ. ಆ ಹಾಳಿ ಕೊಡ್ರಿ.”

ಸಹಿ ಹಾಕಿ ಕೊಟ್ಟೆ. ಅವಳು ಅಲ್ಲೇ ನಿಂತಿದ್ದಳು.

“ಕೈ ಊದಿದ್ದು? ಮೊದಲನೇ ಸಲದ್ದು?”

ಪುಸ್ತಕ ತಿರುವಿದೆ. ಬೈಯುವ ಭರದಲ್ಲಿ ಅದನ್ನು ತಿದ್ದಿರಲೇ ಇಲ್ಲ. ಬಚ್ಚಲಲ್ಲಿ ಜಾರಿ ಬಿದ್ದಳು ಎಂದು ನನ್ನದೇ ಅಕ್ಷರದಲ್ಲಿತ್ತು. ಅವಳಿಗೆ ಓದಿ ಹೇಳಿದೆ.

ನರ್ಸಮ್ಮನಿಗೆ ಕ್ಲಿನಿಕ್ಕಿನ ಬಾಗಿಲು ಹಾಕಲು ಹೇಳಿ ಎದ್ದೆ. “ಅದನ್ನ ನಾನ ಬಂದು ಹೇಳ್ತೀನಿ, ನಡಿಯವ್ವ.”