ನನ್ನ ವಿಡಿಯೊ ಮುಗಿಯುವವರೆಗೆ

"ಎಲ್ಲರೂ ಎರಡು ನಿಮಿಷ ವೈಫೈ ಆಫ್ ಮಾಡಿ. ಒಳಗಿರೋ ಪೇಷೆಂಟ್ ಸ್ಕ್ಯಾನ್ ವಿಜಯವಾಡದ ಡಾಕ್ಟರಿಗೆ ಹೋಗ್ತಾನೇ ಇಲ್ಲ!" ಎಂದು ನರ್ಸ್ ತೆಲುಗಿನಲ್ಲಿ ಕೂಗಿದರು.

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಆ ಸಣ್ಣ ಆಸ್ಪತ್ರೆಗೆ ನಾನು ಬಿಪಿ ತೋರಿಸಲು ಹೋಗಿದ್ದೆ. ಕಾಯುತ್ತಿದ್ದವರೆಲ್ಲ ಅಲ್ಲಿನ ವೈಫೈಗೇ ಜೋತುಬಿದ್ದಿದ್ದೆವು. ಹತ್ತಾರು ಜನ ಒಟ್ಟಿಗೆ ವಿಡಿಯೊ ಹಾಕಿಕೊಂಡು ಕೂತರೆ ಸ್ಕ್ಯಾನ್ ಹೋಗುವುದಾದರೂ ಹೇಗೆ? ಒಬ್ಬೊಬ್ಬರಾಗಿ ಆಫ್ ಮಾಡಿದರು. ನಾನು ಮಾಡಲಿಲ್ಲ. ಮಗಳ ಡ್ಯಾನ್ಸ್ ವಿಡಿಯೊವನ್ನು ಹಾಸನದ ನಮ್ಮ ಮನೆಯವರ ಗ್ರೂಪಿಗೆ ಕಳಿಸುತ್ತಿದ್ದೆ, ಇನ್ನೇನು ಮುಗಿಯುವುದರಲ್ಲಿತ್ತು.

ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ನನ್ನ ಮೊಬೈಲನ್ನೇ ನೋಡುತ್ತಿದ್ದರು. "ನಿಮ್ಮದು ಆಯ್ತಾ ಬಾಬು? ಒಳಗಿರೋದು ನಮ್ಮ ಯಜಮಾನರು" ಎಂದು ಮೆಲ್ಲಗೆ ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು. ತಕ್ಷಣ ಆಫ್ ಮಾಡಿದೆ. ಅಷ್ಟರಲ್ಲಿ ನನ್ನ ವಿಡಿಯೊ ಹೋಗಿಯಾಗಿತ್ತು.

ಆಮೇಲೆ ಸ್ಕ್ಯಾನೂ ಹೋಯಿತು. ವಿಜಯವಾಡದಿಂದ ಉತ್ತರ ಬರುವಷ್ಟರಲ್ಲಿ ಆಕೆಯ ಯಜಮಾನರು ಇರಲಿಲ್ಲ.

ನನ್ನಿಂದಲೇ ಹೀಗಾಯಿತು ಎಂದು ಯಾರೂ ಹೇಳಲಿಲ್ಲ, ಆಕೆಯೂ ಹೇಳಲಿಲ್ಲ. ಆ ವಿಡಿಯೊಗೆ ಊರಿನವರೆಲ್ಲ ಚಪ್ಪಾಳೆಯ ಇಮೋಜಿ ಹಾಕಿದ್ದಾರೆ. ನಾನು ಮಾತ್ರ ಇವತ್ತಿಗೂ ಅದನ್ನು ತೆರೆದು ನೋಡಿಲ್ಲ.