ಚಡಚಣದ ಹಾದಿಗೆ ಕಟ್ಟಿದ ಕಾರು

ಸಿಂದಗಿಯ ರಸ್ತೆಗಳಲ್ಲಿ ರಾಚಪ್ಪ ಮಿಸ್ತ್ರಿಯವರನ್ನು ನಾನು ಕಂಡದ್ದೆಲ್ಲ ಕಾಲ್ನಡಿಗೆಯಲ್ಲಿಯೇ. ಹೆಗಲ ಮೇಲೆ ಎಣ್ಣೆ ಹತ್ತಿದ ಟವೆಲು, ಬೆನ್ನ ಹಿಂದೆ ಕಟ್ಟಿಕೊಂಡ ಕೈ. ಎರಡು ಹೆಜ್ಜೆ ಮುಂದೆ ಅವರ ಹೆಂಡತಿ ಗೌರವ್ವ. ಸೊಲ್ಲಾಪುರ, ಪುಣೆಗಳ ಷೋಕಿದಾರರು ಹುಡುಕಿಕೊಂಡು ಬಂದು ತಮಗೆಂದೇ ಬೇರೆ ಬಗೆಯ ಕಾರು ಕಟ್ಟಿಸಿಕೊಂಡು ಹೋಗುತ್ತಿದ್ದ ಆ ಮನುಷ್ಯ ಸಂತೆಗಾಗಲಿ, ಮದುವೆಗಾಗಲಿ ಧೂಳಿನಲ್ಲಿ ನಡೆದೇ ಹೋಗುತ್ತಿದ್ದರು.

"ಮಿಸ್ತ್ರಿ, ಊರಿಗೆಲ್ಲ ಗಾಡಿ ಕಟ್ಟಿಕೊಟ್ಟು ನೀ ಯಾಕ ಚಪ್ಪಲಿ ಸವಸಾಕತ್ತೀದಿ?" ಎಂದು ಚಹಾದ ಅಂಗಡಿಯವನು ಕೆಣಕುತ್ತಿದ್ದ.

"ನಮ್ಮನಿ ಗಾಡಿ ಮುಂದ ಹೊಂಟೈತಿ, ಕಾಣವಲ್ದೇನ? ಅದಕ್ಕ ಹಾರ್ನ್ ಒಂದ ಐತಿ, ಬ್ರೇಕ್ ಇಲ್ಲ. ನಾ ಹಿಂದ ಇರಬೇಕು."

ಗೌರವ್ವ ಹೊರಳಿ ನೋಡದೆಯೇ ಉತ್ತರ ಕೊಡುತ್ತಿದ್ದರು: "ಹಾರ್ನ್ ಹೊಡದ್ರೂ ಸರೀದಂಥಾ ಎಮ್ಮಿ ಹಿಂದ ಬೆನ್ನ ಹತ್ತೈತ್ರಿ, ಏನ ಮಾಡೂದು."

ಈ ನಡಿಗೆಗೆ ಕಾರಣವಿತ್ತು. ಗೌರವ್ವನವರ ಮೈಗೆ ವಾಹನ ಒಗ್ಗುತ್ತಿರಲಿಲ್ಲ. ಬಸ್ಸಾಗಲಿ, ಟೆಂಪೊ ಆಗಲಿ, ಹತ್ತಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೊಟ್ಟೆ ತೊಳಸಿ ವಾಂತಿಯಾಗುತ್ತಿತ್ತು. ಅವರಿಗೆ ಒಗ್ಗುತ್ತಿದ್ದ ಎತ್ತಿನ ಚಕ್ಕಡಿಗಳು ರಸ್ತೆಯಿಂದ ಮರೆಯಾದಂತೆಲ್ಲ ಅವರ ಲೋಕ ಕಾಲು ನಡೆಯುವಷ್ಟು ದೂರಕ್ಕೆ ಕುಗ್ಗಿತು. ಅವರ ಒಬ್ಬಳೇ ಅಕ್ಕ ನೀಲವ್ವನನ್ನು ಕೊಟ್ಟದ್ದು ಚಡಚಣಕ್ಕೆ. ಇಂಡಿ ಪಟ್ಟಣವನ್ನು ದಾಟಿ, ಮಹಾರಾಷ್ಟ್ರದ ಗಡಿಯ ಸಮೀಪ ಇರುವ ಊರು. ನಡೆದು ಹೋಗುವ ಹಾದಿಯಲ್ಲ. ಮುಂದೆ ನೀಲವ್ವನ ಮೊಣಕಾಲುಗಳೂ ಸೋತ ಮೇಲೆ ಅಕ್ಕತಂಗಿಯರ ಭೇಟಿ ಮೊಬೈಲಿನ ದನಿಯಲ್ಲಿ ಮಾತ್ರ ಉಳಿಯಿತು. ಗೌರವ್ವನನ್ನು ಒಮ್ಮೆ ಅಕ್ಕನ ಮನೆಯ ಅಂಗಳಕ್ಕೆ ಮುಟ್ಟಿಸಬಲ್ಲ ಗಾಡಿಯೊಂದನ್ನು ಕಟ್ಟಬೇಕೆಂಬುದೇ ಮಿಸ್ತ್ರಿಯವರ ಜೀವಮಾನದ ಹಂಬಲವಾಗಿತ್ತು. ಅವರಿಂದ ಕಾರು ಕಟ್ಟಿಸಿಕೊಂಡ ನಮಗೆ ಅದು ತಿಳಿದದ್ದು ಮಾತ್ರ ಅವರು ತೀರಿಕೊಂಡ ಮೇಲೆ.

ಇಂಡಿ ರಸ್ತೆಯ ಬದಿಗೆ, ಬೇವಿನ ಮರದ ಕೆಳಗೆ ಅವರ ತಗಡಿನ ಶೆಡ್ಡು. ಹಳೆಯ ಜೀಪು, ಕಾರುಗಳ ಮೈಯನ್ನು ಕಳಚಿ, ಉಳಿದ ಅಸ್ಥಿಪಂಜರದ ಮೇಲೆ ಅವರು ಹೊಸ ಮೈಯನ್ನು ಬಡಿದು ಕೂಡಿಸುತ್ತಿದ್ದರು. ಮಧ್ಯಾಹ್ನದ ಹೊತ್ತು ಮಾಡಿನ ಮೊಳೆತೂತುಗಳಿಂದ ಇಳಿದ ಬಿಸಿಲು ಬಣ್ಣ ಕಾಣದ ತಗಡಿನ ಮೇಲೆ ಚುಕ್ಕೆಚುಕ್ಕೆಯಾಗಿ ಬಿದ್ದು, ಹಗಲಿನಲ್ಲಿಯೇ ನಕ್ಷತ್ರಗಳನ್ನು ಹೊದ್ದು ಮಲಗಿದ ಪ್ರಾಣಿಯಂತೆ ಕಾರು ಕಾಣುತ್ತಿತ್ತು. ಮರದ ಸುತ್ತಿಗೆಯ ಸದ್ದು ಕೇಳುತ್ತ ಕೇಳುತ್ತ ಕೂತವರ ಕಣ್ಣು ತಾನಾಗಿ ಎಳೆಯುತ್ತಿತ್ತು. ಆ ಶೆಡ್ಡಿನಲ್ಲಿ ಕಳೆದ ಮಧ್ಯಾಹ್ನಗಳನ್ನು ನೆನೆದಾಗ ಎಷ್ಟು ಎಚ್ಚರದಲ್ಲಿ ಕಂಡದ್ದು, ಎಷ್ಟು ತೂಕಡಿಕೆಯಲ್ಲಿ ಕಂಡದ್ದು ಎಂಬುದನ್ನು ನಾನು ಇಂದಿಗೂ ಬೇರ್ಪಡಿಸಲಾರೆ.

ಅವರ ಕೆಲಸಕ್ಕೊಂದು ಕ್ರಮವಿತ್ತು. ಬರಿಯ ಚಾಸಿಯ ಚೌಕಟ್ಟಿನ ಮೇಲೆ ಒಂದು ಹಲಗೆ ಕಟ್ಟಿ, ಗಾಡಿಯ ಧಣಿಯನ್ನು ಅದರ ಮೇಲೆ ಕೂರಿಸಿ, ಕೈಗೆ ಸ್ಟೇರಿಂಗ್ ಕೊಟ್ಟು, ಕಣ್ಣು ಮುಚ್ಚಲು ಹೇಳುತ್ತಿದ್ದರು. "ಗಾಡಿ ಯಾವನರೆ ಕಟ್ಟತಾನ್ರಿ. ನೀವು ಮೊದ್ಲ ಹಾದಿ ಹೇಳ್ರಿ." ಧಣಿ ತನಗೆ ಪ್ರಿಯವಾದ ಒಂದು ಹಾದಿಯನ್ನು ತಿರುವು ತಿರುವಾಗಿ ವರ್ಣಿಸಬೇಕು. ಅವನು ಎಲ್ಲಿ ಬಾಗುತ್ತಾನೆ, ಎಲ್ಲಿ ಕತ್ತು ಎತ್ತುತ್ತಾನೆ ಎಂಬುದನ್ನು ನೋಡುತ್ತ ಮಿಸ್ತ್ರಿ ಸೀಮೆಸುಣ್ಣ ಹಿಡಿದು ಸುತ್ತ ತಿರುಗುತ್ತಿದ್ದರು. ನಾನು ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ಕಡೆಗೆ ಹೋಗುವ ಹಾದಿಯನ್ನು ಹೇಳಿದೆ. ನಡುವೆ ಒಂದೆಡೆ ಅವರು ನನ್ನನ್ನು ನಿಲ್ಲಿಸಿ, "ಅಲ್ಲೊಂದು ಹುಣಸಿ ಗಿಡ ಬಿಟ್ರಿ, ಸರ," ಎಂದರು. ಅವರು ಹೇಳಿದ್ದು ನಿಜವೋ ಎಂದು ಮರುವಾರ ಹೋಗಿ ನೋಡಿದೆ. ಅಲ್ಲಿ ಹುಣಸೆ ಇರಲಿಲ್ಲ, ಬೇವಿತ್ತು. ತಿಳಿಸಿದಾಗ ಕಿಂಚಿತ್ತೂ ನಾಚದೆ, "ಹುಣಸಿ ಇದ್ರ ಚಂದ ಇತ್ರಿ," ಎಂದರು.

ನಾನು ಚರಿತ್ರೆಯ ಮೇಷ್ಟ್ರ ಕೆಲಸದಿಂದ ನಿವೃತ್ತನಾದ ಹೊಸದು. ಹಳೆಯ ಛಾಯಾಚಿತ್ರವೊಂದರಲ್ಲಿ ಕಂಡ ಕಾರಿನ ಕಾಲವನ್ನು ಬಹಳ ಶ್ರಮದಿಂದ ನಿರ್ಧರಿಸಿ, ಯಥಾವತ್ತಾಗಿ ಅದೇ ಬೇಕೆಂದು ಕೇಳಿದ್ದೆ. ಅವರು ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಸರ, ಇದರಾಗ ಕುಂತಾಂವ ತೀರಿಹೋಗ್ಯಾನ. ನೀವಿನ್ನಾ ಅದೀರಿ."

ಕಾರು ಸಿದ್ಧವಾದಾಗ ಮೂತಿ ಚಿತ್ರದಂತೆಯೇ ಇತ್ತು. ಆದರೆ ಹಿಂದಿನ ಆಸನ ಮುಂದಿನದಕ್ಕಿಂತ ಗೇಣೆತ್ತರ, ಕಿಟಕಿಯ ಗಾಜು ಮೊಣಕಾಲಿನವರೆಗೆ. ಚರಿತ್ರೆಗೆ ಇದು ಅಪಚಾರವೆಂದು ನಾನು ವಾದಿಸಿದೆ.

"ಹಿಂದ ಕುಂತವ್ರಿಗೂ ಮುಂದಿನ ಹಾದಿ ಕಾಣಬೇಕ್ರಿ. ಕುರಿ ಏನ್ ಅವ್ರು, ತುಂಬಕೊಂಡ ಹೋಗಾಕ?"

ನನ್ನ ಇಬ್ಬರು ಗೆಳೆಯರ ಅನುಭವವೂ ಹೀಗೆಯೇ. ಇಂಡಿಯ ಲಿಂಬೆ ತೋಟಗಾರ ಸಿದ್ಧರಾಮನ ಕಾರಿನ ಹೊಗೆ ಕೊಳವೆ ಹಿಂದಕ್ಕೆ ಹೋಗದೆ ಪಕ್ಕದಲ್ಲಿ ಮೇಲಕ್ಕೆ ಎದ್ದು ನಿಂತಿತ್ತು. ಅವನ ಊರವರು ಅದನ್ನು ಇಟ್ಟಂಗಿ ಭಟ್ಟಿ ಎಂದೇ ಕರೆಯುತ್ತಿದ್ದರು. ಮುದ್ದೇಬಿಹಾಳದ ದಂತವೈದ್ಯ ವಸಂತರಾಯರ ಕಾರಿನಲ್ಲಿ ಹಿಂದಿನ ಆಸನ ಪೂರ್ತಿ ಮಲಗುತ್ತಿತ್ತು. ಅದು ತಮ್ಮ ವೃತ್ತಿಗೆ ಮಿಸ್ತ್ರಿ ಸಲ್ಲಿಸಿದ ಗೌರವವೆಂದು ಡಾಕ್ಟರು ಬಂದವರಿಗೆಲ್ಲ ಹೇಳುತ್ತಿದ್ದರು.

ಕಳೆದ ಶ್ರಾವಣದಲ್ಲಿ ರಾಚಪ್ಪ ಮಿಸ್ತ್ರಿ, ಊಟ ಮುಗಿಸಿ ಬೇವಿನ ಕೆಳಗೆ ಒರಗಿದವರು, ಏಳಲಿಲ್ಲ. ಅವರ ಹೆಸರಿನಲ್ಲಿ ಮಾಡಿದ ಶಿವಗಣಾರಾಧನೆಯ ದಿನ ನಾವು ಮೂವರೂ ಅವರು ಕಟ್ಟಿದ ಕಾರುಗಳಲ್ಲಿಯೇ ಹೋಗಿ ಶೆಡ್ಡಿನ ಮುಂದೆ ನಿಲ್ಲಿಸಿದೆವು. ಪ್ರಸಾದವಾದ ಮೇಲೆ ಯಾರ ಕಾರು ಮೊದಲಿನದು ಎಂಬ ಮಾತು ಬಂತು. ಡಾಕ್ಟರು ತಮ್ಮದೇ ಎಂದರು. ಅವರ ದವಾಖಾನೆ ತೆರೆದದ್ದು, ಸಿದ್ಧರಾಮನ ಮಗಳ ಮದುವೆ, ನನ್ನ ನಿವೃತ್ತಿ ಇವುಗಳನ್ನು ನಾನು ಹೊಂದಿಸಿ ನೋಡಿದಾಗ ಸಿದ್ಧರಾಮನದು ಮೊದಲು, ಡಾಕ್ಟರದು ಆಮೇಲೆ, ನನ್ನದು ಕೊನೆಗೆ ಎಂದು ನಿಶ್ಚಯವಾಯಿತು.

ಗೌರವ್ವ ಚಹಾ ತಂದಿಟ್ಟು ಕೇಳುತ್ತ ನಿಂತಿದ್ದರು.

"ಸರ ಹೇಳೂದು ಖರೇ ಐತಿ," ಎಂದರು. "ಮೂರರಾಗೂ ಮೊದ್ಲ ಕುಂತಾಕಿ ನಾನ. ಸಿದ್ಧರಾಮಣ್ಣನ ಗಾಡ್ಯಾಗ ಹೊಗಿ ವಾಸನಿ ತಪ್ಪಿಸಿ ನೋಡಿದ್ರು, ಆದ್ರೂ ವಾಂತಿ ಬಂತು. ಡಾಕ್ಟರ ಗಾಡ್ಯಾಗ ಮಲಗಿಸಿ ನೋಡಿದ್ರು, ಇನ್ನಾ ಹೆಚ್ಚ ಬಂತು. ಸರ ಗಾಡ್ಯಾಗ ಎತ್ತರಕ ಕುಂಡ್ರಿಸಿದ್ರು. ಅದರಾಗ ಊರ ಹೊರಗಿನ ಹಳ್ಳ ದಾಟಿದ್ದೆ, ಆಮ್ಯಾಲ ಬಂತು."

ಡಾಕ್ಟರು ಕಪ್ಪನ್ನು ಕೆಳಗಿಟ್ಟರು. "ಅಂದ್ರ ಗೌರಕ್ಕಾ, ನನ್ನ ಸೀಟಿನ ಮ್ಯಾಲೆ..."

"ತೊಳದ ಕೊಟ್ಟಾರ ತಗೋರಿ. ಸಾಬಾಣ ಹಚ್ಚಿ ತೊಳದಾರ."

ಸಿದ್ಧರಾಮ ನಗು ತಡೆಯಲಾರದೆ ಎದ್ದು ಹೋದ. ಅವನು ತಿರುಗಿ ಬಂದಾಗ ಕಣ್ಣುಗಳು ಒದ್ದೆಯಾಗಿದ್ದವು. ನಗೆಯಿಂದಲೇ ಇರಬೇಕೆಂದು ನಾವು ಕೇಳಲಿಲ್ಲ. ನಮಗಾಗಿ ಎಂದು ನಾವು ತಿಳಿದಿದ್ದ ಮೂರು ಕಾರುಗಳೂ ಬೇರೊಂದು ಪ್ರಯಾಣದ ಕರಡುಗಳಾಗಿದ್ದವು. ಶೆಡ್ಡಿನೊಳಗೆ ತಾಡಪತ್ರಿಯ ಹೊದಿಕೆಯ ಕೆಳಗೆ ನಾಲ್ಕನೆಯ ಕಾರಿತ್ತು. ಮೇಲೆ ಮಾಡು ಇಲ್ಲ, ಬಾಗಿಲಿಲ್ಲ, ಬಣ್ಣವಿಲ್ಲ. ಹಿಂದೆ ಚಕ್ಕಡಿಯ ಮಣೆಯಂತೆ ಎತ್ತರವಾದ ಅಗಲ ಆಸನ. ಯಾರ ಆರ್ಡರೂ ಅಲ್ಲ. ಇಂಜಿನ್ ತಿರುಗುತ್ತಿತ್ತು. ರಸ್ತೆಗೆ ಮಾತ್ರ ಇಳಿದಿರಲಿಲ್ಲ.

"ಅಕ್ಕನ ದನಿ ಫೋನಿನ್ಯಾಗ ಸಣ್ಣ ಆಗಾಕತ್ತೈತ್ರಿ," ಎಂದರು ಗೌರವ್ವ. "ಅಕಿ ಇರೂದ್ರಾಗ ನನ್ನ ಒಯ್ದ ಮುಟ್ಟಿಸ್ರಿ."

ದೀಪಾವಳಿ ಕಳೆದು ಚಳಿ ಹುಟ್ಟುತ್ತಿದ್ದ ಒಂದು ಬೆಳಿಗ್ಗೆ ಹೊರಟೆವು. ಸಿದ್ಧರಾಮ ಚಾಲಕ. ಪಕ್ಕದಲ್ಲಿ ಗುಳಿಗೆ ಹಿಡಿದು ಡಾಕ್ಟರು. ಹಿಂದೆ ಗೌರವ್ವ ಮತ್ತು ನಾನು. ಸಿದ್ಧರಾಮ ತನ್ನ ತೋಟದ ಲಿಂಬೆಹಣ್ಣು ಕೊಟ್ಟು ಮೂಸುತ್ತಿರಲು ಹೇಳಿದ. ಡಾಕ್ಟರು ಗುಳಿಗೆ ಚಾಚಿದರು. "ನುಂಗಿದ್ರ ನಿದ್ದಿ ಬರ್ತೈತಿ. ಹಾದಿ ನೋಡೂದು ಯಾವಾಗ?" ಎಂದು ಗೌರವ್ವ ಅದನ್ನು ಮರಳಿಸಿ, ಲಿಂಬೆಹಣ್ಣನ್ನು ಮಾತ್ರ ಇಟ್ಟುಕೊಂಡರು.

ಅಂಥ ಪ್ರಯಾಣವನ್ನು ನಾನು ಮತ್ತೆ ಮಾಡಿಲ್ಲ. ಮಂಜು ಇನ್ನೂ ಕರಿಮಣ್ಣನ್ನು ಬಿಟ್ಟಿರಲಿಲ್ಲ. ಮಾಡು ಇಲ್ಲದ ಗಾಡಿಯ ಎತ್ತರದ ಆಸನದಲ್ಲಿ ಕೂತವರಿಗೆ ರಸ್ತೆ ಕಾಣದೆ, ಎರಡೂ ಬದಿಯ ಜೋಳದ ಹಸುರಿನ ಮೇಲೆ ತೇಲುತ್ತಿದ್ದೇವೆ ಎನಿಸುತ್ತಿತ್ತು. ತೊಗರಿಯ ಹಳದಿ ಹೂವಿನ ವಾಸನೆ ಒಮ್ಮೆ ಬಂದು ಹೋಯಿತು. ಕುರಿಹಿಂಡೊಂದು ಎದುರಾಗಿ, ಕುರುಬರು ಈ ಬಣ್ಣವಿಲ್ಲದ ಗಾಡಿಯನ್ನು ನೋಡುತ್ತ ನಿಂತರು. ಗೌರವ್ವ ಎಲ್ಲವನ್ನೂ ಮೊದಲ ಸಲ ನೋಡುವವರಂತೆ ನೋಡುತ್ತಿದ್ದರು. ಇಂಡಿಯ ಲಿಂಬೆ ತೋಟಗಳು ತೊಡಗಿದಾಗ ಡಾಕ್ಟರು ಹಿಂದಕ್ಕೆ ತಿರುಗಿ, "ಗೆದ್ರು ನೋಡ್ರಿ ನಮ್ಮ ಮಿಸ್ತ್ರಿ," ಎಂದರು.

ಇಂಡಿ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಗೌರವ್ವನವರ ಮುಖ ಬಿಳಿಚಿಕೊಂಡಿತು. ನಿಲ್ಲಿಸಿದೆವು. ರಸ್ತೆಯ ಬದಿಗೆ ಕೂತು ವಾಂತಿ ಮಾಡಿದರು. ನಾನು ನೀರು ಹಿಡಿದು ನಿಂತೆ. ಸತ್ತ ಮೇಲೆಯೂ ಆ ಮನುಷ್ಯ ಸೋತನಲ್ಲ ಎಂದು ಮೂವರಿಗೂ ಸಂಕಟ. ಸಿದ್ಧರಾಮ ಗಾಡಿ ತಿರುಗಿಸತೊಡಗಿದ.

"ಯಾಕ ಹೊಳ್ಳಸ್ತಿ, ಅಣ್ಣ?"

"ತ್ರಾಸ ಆಗಾಕತ್ತೈತಲ್ಲಬೇ. ಸಾವಕಾಶ ಮನಿಗೆ ಹೋಗೂಣು."

ಗೌರವ್ವ ಬಾಯಿ ಮುಕ್ಕಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡರು. "ಹಿಂದಕ ಹೋದ್ರೂ ಅಷ್ಟ ದೂರ, ಮುಂದಕ ಹೋದ್ರೂ ಅಷ್ಟ ದೂರ. ಮುಂದ ನಡಿ."

"ಮತ್ತ ಬಂದ್ರ, ಗೌರಕ್ಕಾ?" ಎಂದರು ಡಾಕ್ಟರು.

"ಬಂದ್ರ ಬರ್ಲಿ. ಬಸರಾಗಿದ್ದಾಗ ಬರ್ತಿದ್ದಿಲ್ಲೇನ್ರಿ? ನನಗೇನಾಗೂದೈತಿ. ವಾಂತಿ ಮಾಡಕೋತನ ಎಂದೋ ಹೋಗಿ ಮುಟ್ಟತಿದ್ದೆ." ಅವರು ಗಾಡಿಯ ಒರಟು ತಗಡಿನ ಮೇಲೆ ಕೈಯಿಟ್ಟು ಹತ್ತಿದರು. "ಅವ್ರಿಗೆ ನೋಡಾಕ ಆಗ್ತಿದ್ದಿಲ್ಲ. ನನ್ನ ಮಾರಿ ಸಣ್ಣ ಆದಕೂಡ್ಲೆ ಹೊಳ್ಳಸಿಬಿಡ್ತಿದ್ರು. ಇದು ಬ್ಯಾಡ, ಬ್ಯಾರೆ ಮಾಡತೇನಿ, ತಡಿ ಅಂತಿದ್ರು. ನಾ ಹೋಗೂಣು ಅಂದ್ರ ಸಿಟ್ಟ ಮಾಡತಿದ್ರು. ಪ್ರತಿ ಸಲಾನೂ ಹೊಳ್ಳಸಿದ್ರು."

ಸಿದ್ಧರಾಮ ಗಾಡಿಯ ಮೂತಿಯನ್ನು ಚಡಚಣದ ಕಡೆಗೆ ತಿರುಗಿಸಿದ. ಮುಂದೆ ಇನ್ನೆರಡು ಸಲ ನಿಲ್ಲಬೇಕಾಯಿತು. ಪ್ರತಿ ಸಲವೂ ಅವರು ನಮಗಿಂತ ಮೊದಲು ಹತ್ತಿ ಕೂತರು. ಬಿಸಿಲು ಏರಿ, ದ್ರಾಕ್ಷಿ ತೋಟಗಳ ತಂತಿಗಳು ಹೊಳೆಯುವ ಹೊತ್ತಿಗೆ ಊರು ಬಂತು.

ನೀಲವ್ವ ಬಾಗಿಲ ಹೊರಗೆ ಹಗ್ಗದ ಹೊರಸಿನ ಮೇಲೆ ಕೂತಿದ್ದರು. ತಂಗಿ ಇಳಿದು ಬಂದು ಎದುರು ನಿಂತರು. ನೀಲವ್ವ ಆಕೆಯ ಗಲ್ಲ ಹಿಡಿದು, "ಎಷ್ಟ ಬಿಳಿ ಆಗೇದ್ಯಲ್ಲ. ಕೂದ್ಲಾ ಅಷ್ಟ ಅಲ್ಲ, ಮಾರೀನೂ," ಎಂದರು.

"ಹಾದ್ಯಾಗ ಕಕ್ಕೇನಿ. ನೀರ ಕೊಡು."

ನೀರು ಕುಡಿದಾದ ಮೇಲೆ ನೀಲವ್ವ ಗಾಡಿಯ ಕಡೆ ಬೆರಳು ಮಾಡಿ, ತಾನೂ ಅದರಲ್ಲಿ ಕೂರಬೇಕೆಂದರು. ಸಿದ್ಧರಾಮ ಆಕೆಯನ್ನು ಎರಡೂ ಕೈಗಳಲ್ಲಿ ಎತ್ತಿ ಹಿಂದಿನ ಆಸನದಲ್ಲಿ ಕೂರಿಸಿದ. ಗೌರವ್ವ ಪಕ್ಕದಲ್ಲಿ ಕೂತರು. ಡಾಕ್ಟರು ಏನೋ ವಿಚಾರಿಸಲು ಮುಂದಾದಾಗ ಸಿದ್ಧರಾಮ ಅವರ ತೋಳು ಹಿಡಿದ. ನಾವು ಮೂವರೂ ಅಂಗಳದಾಚೆ, ಗೋಡೆಯ ನೆರಳಿಗೆ ಸರಿದೆವು.

ಗಾಡಿ ನಿಂತಲ್ಲಿಯೇ ನಿಂತಿತ್ತು. ಆಕಾಶವೇ ಮಾಡಾಗಿದ್ದ ಆ ಎತ್ತರದ ಆಸನದಲ್ಲಿ ಅಕ್ಕತಂಗಿಯರಿಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿದು, ತಲೆ ತಗ್ಗಿಸಿ, ನಮಗೆ ಕೇಳದ ದನಿಯಲ್ಲಿ ಮಾತಾಡುತ್ತಿದ್ದರು. ಅವರ ಮುಂದೆ, ಸ್ಟೇರಿಂಗ್ ಹಿಡಿದು ಮಿಸ್ತ್ರಿ ಕೂರಬೇಕಿದ್ದ ಸೀಟು ಬಿಸಿಲಿನಲ್ಲಿ ಬರಿದಾಗಿತ್ತು. ಮಧ್ಯಾಹ್ನ ಇಳಿಯುವವರೆಗೆ ನಮ್ಮಲ್ಲಿ ಯಾರೂ ಹೋಗಿ ಅಲ್ಲಿ ಕೂರಲಿಲ್ಲ.