ಅಚ್ಚಿಗಿಳಿಯದ ಮುಖ

ಮೊನ್ನೆ ಹಾವೇರಿಯ ಬ್ಯಾಂಕಿನಲ್ಲಿ ಪೆನ್ಶನ್ ಪಾಳಿಗೆ ಕುಳಿತಿದ್ದೆ. ಮುಂದಿದ್ದ ಮುದುಕಿಯೊಬ್ಬಳು ಹೆಬ್ಬೆಟ್ಟು ಒತ್ತಿ, ಬೆರಳಿನ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡಳು. ಆ ಕರಿಶಾಯಿಯ ವಾಸನೆ ಮೂಗಿಗೆ ಬಡಿದದ್ದೇ ರಾಣೆಬೆನ್ನೂರಿನ ಬ್ಲಾಕಿನ ಚಾಚಾ ನೆನಪಾದರು…

ಎಂಬತ್ತರ ದಶಕದ ಕೊನೆ. ನಾನಾಗ ಅಲ್ಲಿನ ಶಾಲೆಯೊಂದರಲ್ಲಿ ಶಿಕ್ಷಕಿ. ಅವರ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದೆ. ಚಾಚಾ ಛಾಪಖಾನೆಗಳಿಗೆ ಕಟ್ಟಿಗೆಯಲ್ಲಿ ಅಚ್ಚು ಕೊರೆಯುತ್ತಿದ್ದರು; ಆ ಅಚ್ಚಿಗೆ ಬ್ಲಾಕ್ ಅನ್ನುತ್ತಿದ್ದರಿಂದ ಊರಿಗೆಲ್ಲ ಅವರು ಬ್ಲಾಕಿನ ಚಾಚಾ. ಲಗ್ನಪತ್ರಿಕೆಯ ಗಣಪ, ಬ್ಯಾಡಗಿಯ ದಲಾಲಿ ಅಂಗಡಿಗಳ ಮೆಣಸಿನಕಾಯಿ ಚೀಲದ ಗುರುತು, ಇಂಥವು. ಆಫ್‌ಸೆಟ್ ಮುದ್ರಣ ಬಂದ ಮೇಲೆ ಕೆಲಸ ನಿಂತೇಹೋಗಿತ್ತು. ನಾನು ಬಾಡಿಗೆಗೆ ಬಂದಾಗ ಇದ್ದ ಅವರ ಹೆಂಡತಿ, ಚಾಚಿ, ತೀರಿಕೊಂಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ಒಮ್ಮೆ ಶಾಲೆಯ ಹಳೆಯ ಕೋಣೆಯಲ್ಲಿ ಇಂಗ್ಲಿಷ್ ಕಲೆಕ್ಟರನೊಬ್ಬನ ಚಿತ್ರ ಸಿಕ್ಕಿತು. ಹೆಡ್‌ಮಾಸ್ತರರು ಎಸೆಯಹೊರಟಿದ್ದರು; ಚಾಚಾ ನೋಡಲಿ ಎಂದು ಕೇಳಿ ತಂದೆ. ಭೂತಗನ್ನಡಿ ಹಿಡಿದು ಬಾಗಿದವರು ಬಹಳ ಹೊತ್ತು ತಲೆ ಎತ್ತಲಿಲ್ಲ. ಸಾಹೇಬನ ಗಲ್ಲದ ನೆರಳು, ಕೋಟಿನ ಗುಂಡಿ, ಎಲ್ಲವೂ ಕೂದಲೆಳೆಯಂಥ ಗೆರೆ. ತಾಮ್ರದ ತಗಡಿನಲ್ಲಿ ಕೊರೆದು ತೆಗೆದ ಅಚ್ಚು ಎಂದು ಅವರೇ ಹೇಳಿದರು. ಕೆಳಗೆ ಬಲಮೂಲೆಯಲ್ಲಿ, ಸಾಸಿವೆಯಷ್ಟು ಇಂಗ್ಲಿಷ್ ಅಕ್ಷರದಲ್ಲಿ ಕೊರೆದವನ ಹೆಸರಿತ್ತು. ಅದನ್ನು ನನ್ನಿಂದ ಎರಡು ಸಲ ಓದಿಸಿದರು.

"ಸಾಹೇಬ ಸತ್ತು ಎಷ್ಟ ವರ್ಷ ಆತೋ. ಇವ ಕೊರದಾನ ಅಂತ ಇನ್ನೂ ನಮ್ಮನ್ನ ನೋಡಾಕತ್ತಾನ," ಅಂದರು.

ಚಾಚಿಯದು ಒಂದೂ ಫೋಟೋ ಇರಲಿಲ್ಲ. ತೆಗೆಸಿಕೊಳ್ಳಲು ಆಕೆ ಎಂದೂ ಒಪ್ಪಿರಲಿಲ್ಲ. ಮರುದಿನದಿಂದ ಚಾಚಾ ನೆನಪಿನ ಮೇಲೆಯೇ ಆಕೆಯ ಮುಖ ಕೊರೆಯತೊಡಗಿದರು. ಮಳೆಗಾಲ ಪೂರ್ತಿ ಗೋಡೆಯಾಚೆ ಉಳಿಯ ಸಣ್ಣ ಸದ್ದು. ಆ ದಿನಗಳಲ್ಲಿ ಅವರು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದರು, ಒಮ್ಮೊಮ್ಮೆ ತಮ್ಮಷ್ಟಕ್ಕೆ ಗುನುಗುತ್ತಿದ್ದರು.

ಒಂದು ರವಿವಾರ ಮೊದಲ ಅಚ್ಚು ತೆಗೆದು, ಶಾಯಿ ಆರದ ಕಾಗದ ಹಿಡಿದು ನನ್ನ ಬಾಗಿಲಿಗೆ ಬಂದರು.

"ಅಕ್ಕಾರ, ಆಕೀನ್ನ ದಿನಾ ನೋಡಿದವ್ರು ನೀವ ಒಬ್ರು. ಖರೇ ಹೇಳ್ರಿ, ಆಕಿ ಹಂಗ ಕಾಣ್ತೈತೇನು?"

ಕೆಲಸ ಚಂದವಿತ್ತು. ಆದರೆ ಕಾಗದದ ಮೇಲಿದ್ದವಳು ಬೇರೆ ಯಾರೋ. ಮಕ್ಕಳ ಉತ್ತರ ತಿದ್ದಿ ತಿದ್ದಿ ರೂಢಿಯಾದವಳು ನಾನು… "ಕಣ್ಣು ಅವರವಲ್ಲ ಅನ್ನಸ್ತೈತ್ರಿ ಚಾಚಾ," ಅಂದುಬಿಟ್ಟೆ.

ಅವರು ತಲೆಯಾಡಿಸಿದರು. "ನನಗೂ ಹಂಗ ಅನ್ನಿಸಿತ್ತು. ಮರ್ತೇನಿ."

ಸಂಜೆ ಹೋಗಿ ನೋಡಿದರೆ, ಕೊರೆದ ಮುಖವನ್ನು ಉಜ್ಜಿ ಉಜ್ಜಿ ಬರಿಯ ಹಲಗೆ ಮಾಡಿದ್ದರು. ಇನ್ನೊಮ್ಮೆ ಮಾಡಿರೆಂದು ಎಷ್ಟೋ ಸಲ ಕೇಳಿಕೊಂಡೆ. ಅವರು ಉಳಿ ಮುಟ್ಟಲಿಲ್ಲ. ನನಗೆ ಹಾವೇರಿಗೆ ವರ್ಗವಾಯಿತು. ಎರಡು ವರ್ಷದ ಮೇಲೆ ಅವರು ಹೋದ ಸುದ್ದಿ ಬಂತು, ಮಣ್ಣಾಗಿ ಎಂಟು ದಿನಕ್ಕೆ.

ಅಂದು 'ಹೌದು' ಅಂದಿದ್ದರೆ ನನ್ನದೇನು ಹೋಗುತ್ತಿತ್ತು? ಒಬ್ಬಳೇ ಕುಳಿತಾಗ ಕೇಳಿಕೊಳ್ಳುತ್ತೇನೆ. ಚಾಚಿಯ ಕಣ್ಣು ಹೇಗಿದ್ದವು ಎಂದು ನೆನೆಯಲು ನೋಡುತ್ತೇನೆ… ಈಗ ನನಗೂ ಬರುವುದಿಲ್ಲ. ಕೇಳೋಣವೆಂದರೆ, ಅವರಿಬ್ಬರನ್ನೂ ಕಂಡವರು ಆ ಓಣಿಯಲ್ಲಿ ಯಾರೂ ಉಳಿದಿಲ್ಲ.